ಒಂದೇ ಕಿವಿಯಲ್ಲಿ ಕೇಳಿದ ಹಾಡು

ತುಮಕೂರಿನ ಸದಾಶಿವನಗರದಲ್ಲಿರುವ ನಮ್ಮ ಮನೆಯ ಮಹಡಿ ಮೇಲೆ ಒಂದು ರೂಮಿದೆ. ಅಮ್ಮನ ತಮ್ಮ, ಅಂದ್ರೆ ನನ್ನ ಮಾವ, ಮದುವೆಗೆ ಮುಂಚೆ ಆರು ವರ್ಷ ಅಲ್ಲೇ ಇದ್ದರು. ಈಗ ಗುಬ್ಬಿ ಹತ್ತಿರ ತೋಟ ನೋಡಿಕೊಂಡಿದ್ದಾರೆ. ರೂಮನ್ನು ಬಾಡಿಗೆಗೆ ಕೊಡೋಣ ಅಂತ ಕಳೆದ ತಿಂಗಳು ಕ್ಲೀನ್ ಮಾಡೋಕೆ ಹೋದೆ. ಮಂಚದ ಕೆಳಗೆ ಎರಡು ದೊಡ್ಡ ಸ್ಪೀಕರ್ ಬಾಕ್ಸ್, ಒಂದು ಆಂಪ್ಲಿಫೈಯರ್, ಧೂಳು ಹಿಡಿದ ಕ್ಯಾಸೆಟ್ಟುಗಳು. “ಅದನ್ನೆಲ್ಲ ಗುಜರಿಗೆ ಹಾಕಪ್ಪ” ಅಂದರು ಅಮ್ಮ.

ಮೇಲಿದ್ದ ಕ್ಯಾಸೆಟ್ ನೋಡಿ ನಗು ಬಂತು. ಜಿಮಿ ಹೆಂಡ್ರಿಕ್ಸ್‌ನ ‘ಎಲೆಕ್ಟ್ರಿಕ್ ಲೇಡಿಲ್ಯಾಂಡ್’. ಆ ನಗುವಿನ ಹಿಂದೆ ಒಂದು ಕಥೆ ಇದೆ. ಹಿಂದೊಮ್ಮೆ ಮಾವ ಇದನ್ನ ಕೇಳು ಅಂತ ಒತ್ತಾಯ ಮಾಡಿದ್ದರು. ದಿನಾ ಬೆಂಗಳೂರಿಗೆ ಓಡಾಡೋ ಟ್ರೇನಿನಲ್ಲಿ ಮೊಬೈಲ್‌ನಲ್ಲೇ ಕೇಳಿದೆ. ಆಮೇಲೆ ಒಂದು ಮದುವೆ ಮನೆಯಲ್ಲಿ ಹತ್ತು ಜನರ ಮುಂದೆ, “ಮಾವನ ಗಿಟಾರ್ ಹಾಡು ಅಂದ್ರೆ ಮಿಕ್ಸಿಗೆ ಕಲ್ಲು ಹಾಕಿದ ಹಾಗೆ” ಅಂದುಬಿಟ್ಟೆ. ಎಲ್ಲರೂ ನಕ್ಕರು. ಮಾವನೂ ನಕ್ಕರು. ಆದರೆ ಅವತ್ತಿನಿಂದ ನನ್ನ ಹತ್ತಿರ ಹಾಡಿನ ಮಾತೇ ಎತ್ತಲಿಲ್ಲ.

ಗುಜರಿಗೆ ಹಾಕೋ ಮುಂಚೆ ಬಾಕ್ಸ್ ಕೆಲಸ ಮಾಡುತ್ತಾ ನೋಡೋಣ ಅನ್ನಿಸಿತು. ಒಂದು ವೈರ್ ತಂದು ಮೊಬೈಲನ್ನು ಆಂಪ್ಲಿಫೈಯರ್‌ಗೆ ಸೇರಿಸಿದೆ. ಕಿಟಕಿಯ ಆಚೆ ಈಚೆ ಒಂದೊಂದು ಬಾಕ್ಸ್ ಇಟ್ಟು, ಅದೇ ಆಲ್ಬಂ ಹಾಕಿ, ನೆಲದ ಮೇಲೆ ಕೂತೆ. ಮಧ್ಯಾಹ್ನ ಮೂರು ಗಂಟೆ. ನಮ್ಮ ಕ್ರಾಸಿನಲ್ಲಿ ಎಲ್ಲೋ ಒಂದು ಕುಕ್ಕರ್ ಕೂಗು ಬಿಟ್ಟರೆ ಬೇರೆ ಸದ್ದಿಲ್ಲ.

ಈ ಆಲ್ಬಂ ಬಂದದ್ದು 1968ರ ಅಕ್ಟೋಬರ್‌ನಲ್ಲಿ. ಎರಡು ಎಲ್‌ಪಿ, 16 ಹಾಡು. ಹೆಂಡ್ರಿಕ್ಸ್‌ಗೆ ಆಗ 25 ವರ್ಷ. ಎರಡು ವರ್ಷ ತುಂಬೋ ಮುಂಚೆ ತೀರಿಕೊಂಡ. ಅಮೆರಿಕದ ಕಪ್ಪು ಜನರ ಬ್ಲೂಸ್ ಇದರ ಬೇರು. ಅದರ ಮೇಲೆ ರಾಕ್‌ನ ಅಬ್ಬರ, ಕನಸಿನಲ್ಲಿ ಕೇಳಿದಂಥ ವಿಚಿತ್ರ ಶಬ್ದಗಳು. ಅದನ್ನೇ ಸೈಕೆಡೆಲಿಕ್ ಅನ್ನುತ್ತಾರೆ.

ಟ್ರೇನಿನಲ್ಲಿ ನನಗೆ ಬೇಜಾರು ತರಿಸಿದ್ದು ‘ವೂಡೂ ಚೈಲ್’. ಹದಿನೈದು ನಿಮಿಷದ ಹಾಡು! ನ್ಯೂಯಾರ್ಕ್‌ನ ರೆಕಾರ್ಡ್ ಪ್ಲಾಂಟ್ ಸ್ಟುಡಿಯೋದಲ್ಲಿ ಸ್ಟೀವ್ ವಿನ್‌ವುಡ್ ಆರ್ಗನ್, ಜ್ಯಾಕ್ ಕ್ಯಾಸಡಿ ಬೇಸ್, ಮಿಚ್ ಮಿಚೆಲ್ ಡ್ರಮ್ಸ್ ನುಡಿಸಿದ್ದಾರೆ. ಈ ಸಲ ಗಮನಿಸಿದೆ: ಹೆಂಡ್ರಿಕ್ಸ್ ಹಾಡುವ ಸಾಲನ್ನು ಅವನ ಗಿಟಾರ್ ಜೊತೆಜೊತೆಗೇ ನುಡಿಯುತ್ತೆ, ಕಚೇರಿಯಲ್ಲಿ ಹಾಡುಗಾರರ ಹಿಂದೆಯೇ ಬರೋ ಪಿಟೀಲಿನ ಹಾಗೆ. ಆಮೇಲೆ ಗಿಟಾರ್ ಕೇಳಿದ್ದಕ್ಕೆ ಆರ್ಗನ್ ಉತ್ತರ ಕೊಡುತ್ತೆ. ಯಾರಿಗೂ ಅವಸರವಿಲ್ಲ.

ನಂತರ ‘1983’ ಅನ್ನೋ ಹಾಡು ಬಂತು. ಸಮುದ್ರದೊಳಗೆ ಹೋಗಿ ಬದುಕುವ ಕಲ್ಪನೆ. ಶಬ್ದ ಎಡಗಡೆ ಬಾಕ್ಸಿನಿಂದ ಬಲಗಡೆಗೆ ಹರಿದು ಮತ್ತೆ ವಾಪಸ್ ಬಂತು. ಆಗ ಹೊಳೆಯಿತು. ಟ್ರೇನಿನಲ್ಲಿ ನಾನು ಒಂದೇ ಇಯರ್‌ಬಡ್ ಹಾಕೋನು. ಇನ್ನೊಂದು ಕಿವಿ ಆಫೀಸಿನ ಕಾಲ್‌ಗೆ, ಟಿಟಿಇ ಬಂದರೆ ಅಂತ ಖಾಲಿ. ಅರ್ಧ ಇನ್‌ಪುಟ್ ಕೊಟ್ಟು ಔಟ್‌ಪುಟ್ ಸರಿಯಿಲ್ಲ ಅಂತ ಬಗ್ ರಿಪೋರ್ಟ್ ಬರೆದಿದ್ದೆ!

ಎಲ್ಲಾ ಹಾಡೂ ಅದ್ಭುತ ಅಂತ ಹೇಳಲ್ಲ. ಬೇಸ್ ನುಡಿಸೋ ನೋಯೆಲ್ ರೆಡ್ಡಿಂಗ್ ಬರೆದು ಹಾಡಿದ ‘ಲಿಟಲ್ ಮಿಸ್ ಸ್ಟ್ರೇಂಜ್’ ನನಗೆ ಈಗಲೂ ಸಪ್ಪೆ. ಮೊದಲ ಟ್ರ್ಯಾಕ್ ಬರೀ ಟೇಪಿನ ಚಮತ್ಕಾರ. ಆದರೆ ಬಾಬ್ ಡಿಲನ್‌ನ ‘ಆಲ್ ಅಲಾಂಗ್ ದ ವಾಚ್‌ಟವರ್’ ಅನ್ನು ಹೆಂಡ್ರಿಕ್ಸ್ ತನ್ನದೇ ಮಾಡಿಕೊಂಡಿರೋದನ್ನ ಎರಡು ಕಿವಿಯಲ್ಲಿ ಕೇಳಿದ ಮೇಲೆ ಮಿಕ್ಸಿ ನೆನಪಾಗಲಿಲ್ಲ.

ಕೆಳಗಿನಿಂದ ಪಕ್ಕದ ಮನೆ ಆಂಟಿ ಕೂಗಿದರು. ಬೈಯೋಕೇ ಇರಬೇಕು ಅಂತ ಸೌಂಡ್ ಕಮ್ಮಿ ಮಾಡಿ ಬಗ್ಗಿ ನೋಡಿದೆ. “ನಿಮ್ ಮಾವ ಬಂದಿದಾರೇನಪ್ಪ?” ಅಂತ ಕೇಳಿದರು. ಮಾವ ಹೋಗಿ ಇಷ್ಟು ವರ್ಷವಾದರೂ ನಮ್ಮ ಬೀದಿಗೆ ಆ ಸದ್ದಿನ ಗುರುತಿತ್ತು.

ಭಾನುವಾರ ಗುಬ್ಬಿಗೆ ಹೊರಟೆ. ತುಮಕೂರಿನಿಂದ ಸುಮಾರು 20 ಕಿಲೋಮೀಟರ್. ದಾರಿಯುದ್ದಕ್ಕೂ ತೆಂಗು, ಅಡಿಕೆ. ಗುಬ್ಬಿ ಅಂದ್ರೆ ವೀರಣ್ಣನವರ ಊರು. ಅವರ ಕಂಪನಿ ‘ಕುರುಕ್ಷೇತ್ರ’ ನಾಟಕಕ್ಕೆ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿತ್ತು. ಅದನ್ನೂ ಯಾರೋ ಬರೀ ಗಿಮಿಕ್ ಅಂದಿರಬಹುದು. ಎದುರಿಗೆ ಕೂತು ನೋಡಿದವರಿಗೆ ಅದು ಯುದ್ಧವಾಗಿ ಕಂಡಿರಬೇಕು. ಹೆಂಡ್ರಿಕ್ಸ್ ಸ್ಟುಡಿಯೋದಲ್ಲಿ ತಂದ ಆನೆಯನ್ನು ನಾನು ಬಾಗಿಲ ಸಂದಿಯಲ್ಲಿ ಇಣುಕಿ ನೋಡಿದ್ದೆ, ಅಷ್ಟೇ.

ಮಾವ ತೆಂಗಿನ ಗರಿ ಎಳೆದು ಹಾಕುತ್ತಿದ್ದರು. ಕ್ಯಾಸೆಟ್ ಕೈಗಿಟ್ಟೆ.

“ಮಾವ, ಅವತ್ತು ಮದುವೇಲಿ ಮಿಕ್ಸಿ ಅಂದಿದ್ನಲ್ಲ, ತಪ್ಪಾಯ್ತು.”

ಅವರು ಕ್ಯಾಸೆಟ್ಟನ್ನು ಪಂಚೆಗೆ ಒರೆಸಿಕೊಂಡರು. “ಕೆಲವು ಕಡೆ ಮಿಕ್ಸಿ ಥರಾನೇ ಇದೆ ಬಿಡೋ. ಎರಡೂ ಬಾಕ್ಸ್ ಹಾಡ್ತಾವಾ?”

“ಹಾಡ್ತಾವೆ ಮಾವ. ಇಲ್ಲಿಗೇ ತಂದುಕೊಡ್ಲಾ?”

“ಬೇಡ. ಬಲಗಡೆ ಬಾಕ್ಸ್ ಗೋಡೆಗೆ ಅಂಟಿಸಿ ಇಟ್ಟಿರ್ತೀಯ, ಸ್ವಲ್ಪ ಮುಂದಕ್ಕೆ ಎಳಿ. ಮುಂದಿನ ವಾರ ನಾನೇ ಬರ್ತೀನಿ.”

ಮನೆಗೆ ಬಂದು ನೋಡಿದರೆ ಬಲಗಡೆ ಬಾಕ್ಸ್ ನಿಜವಾಗಲೂ ಗೋಡೆಗೆ ಅಂಟಿಕೊಂಡೇ ಇತ್ತು. ಮುಂದಕ್ಕೆ ಎಳೆದೆ. ಬಾಡಿಗೆ ಬೋರ್ಡ್ ಇನ್ನೂ ಹಾಕಿಲ್ಲ. ಅಮ್ಮ ಕೇಳಿದರೆ, ಕ್ಲೀನಿಂಗ್ ಇನ್ನೂ ಮುಗಿದಿಲ್ಲ ಅಂತೀನಿ.