ದಣಿಯದ ಕುದುರೆಗಳು

ಕೋಲ್ಕತ್ತಕ್ಕೆ ವರ್ಗವಾಗಿ ಬರುವ ಕೇಂದ್ರ ಸರ್ಕಾರದ ನೌಕರರಲ್ಲಿ ಹೆಚ್ಚಿನವರು ಒಂದಲ್ಲ ಒಂದು ಕೆಲಸಕ್ಕೆ ಆಚಾರ್ಯ ಜಗದೀಶಚಂದ್ರ ಬೋಸ್ ರಸ್ತೆಯ ನಿಜಾಮ್ ಪ್ಯಾಲೇಸನ್ನು ಹೊಕ್ಕು ಬಂದವರೇ. ಹಲವು ಇಲಾಖೆಗಳ ಕಚೇರಿಗಳು ಆ ಆವರಣದಲ್ಲಿವೆ. ಹೈದರಾಬಾದಿನ ನಿಜಾಮರು ಕೊಳ್ಳುವ ಮೊದಲು ಅದರ ಹೆಸರು ಗಾಲ್‌ಸ್ಟನ್ ಪಾರ್ಕ್. ಕಟ್ಟಿಸಿದವರು ಜೆ.ಸಿ. ಗಾಲ್‌ಸ್ಟನ್ ಎಂಬ ಅರ್ಮೇನಿಯನ್ ಶ್ರೀಮಂತರು. ದೊಡ್ಡ ಕಟ್ಟಡಗಳಿಗೆ ಹೇಗೋ ಹಾಗೆ ರೇಸ್ ಕುದುರೆಗಳಿಗೂ ಒಡೆಯರೆಂದು ಹೆಸರಾದವರು. ಕಡತಗಳು ಅಷ್ಟು ನಿಧಾನವಾಗಿ ಚಲಿಸುವ ಜಾಗವನ್ನು ಕುದುರೆಯ ಹುಚ್ಚಿದ್ದವರೊಬ್ಬರು ಕಟ್ಟಿಸಿದರೆಂಬುದು ನನಗೆ ಯಾವಾಗಲೂ ನಗು ತರಿಸುವ ಸಂಗತಿ.

ಅಲ್ಲಿಂದ ಪಶ್ಚಿಮಕ್ಕೆ ನಡೆದರೆ ಅರ್ಧ ಗಂಟೆಯೊಳಗೆ ರೇಸ್ ಕೋರ್ಸ್ ಸಿಗುತ್ತದೆ. ಮೈದಾನದ ಹಸಿರು, ಒಂದು ಪಕ್ಕ ವಿಕ್ಟೋರಿಯಾ ಸ್ಮಾರಕದ ಬಿಳಿಯ ಗುಮ್ಮಟ, ಇನ್ನೊಂದು ಪಕ್ಕ ಹೂಗ್ಲಿಯ ಮೇಲಿನ ಎರಡನೆಯ ಸೇತುವೆಯ ತಂತಿಗಳು. ರಾಯಲ್ ಕಲ್ಕತ್ತಾ ಟರ್ಫ್ ಕ್ಲಬ್ ಸ್ಥಾಪನೆಯಾದದ್ದು 1847ರಲ್ಲಿ. ಕುದುರೆಗಳು ಇಲ್ಲಿ ಓಡಿದ್ದು ಅದಕ್ಕೂ ಮೊದಲಿನಿಂದ. ಕುದುರೆಗಳನ್ನು ಒಂದೊಂದಾಗಿ ಹರಾಜು ಕೂಗಿ, ಬಂದ ಹಣವನ್ನು ಒಟ್ಟುಗೂಡಿಸಿ, ಗೆದ್ದ ಕುದುರೆಯನ್ನು ಹಿಡಿದವರಿಗೆ ಹಂಚುವ ಪಂದ್ಯಕ್ಕೆ ಇಂಗ್ಲಿಷ್ ನಿಘಂಟುಗಳು ಇವತ್ತಿಗೂ ‘ಕಲ್ಕತ್ತಾ’ ಎಂಬ ಹೆಸರನ್ನೇ ಕೊಡುತ್ತವೆ. ಊರು ತನ್ನ ಹೆಸರಿನ ಉಚ್ಚಾರಣೆಯನ್ನು 2001ರಲ್ಲಿ ತಿದ್ದಿಕೊಂಡಿತು. ಜೂಜುಕೋರರ ನಿಘಂಟಿನಲ್ಲಿ ಹಳೆಯದೇ ಉಳಿದಿದೆ.

ಆದರೆ ನಾನು ಮೊದಲು ಕಂಡ ಕೋಲ್ಕತ್ತದ ರೇಸು ಈ ಹುಲ್ಲಿನ ಮೇಲಿನದಲ್ಲ. ನಮ್ಮ ಶಾಖೆಯಲ್ಲಿ ನನಗಿಂತ ಹದಿನೈದು ವರ್ಷಕ್ಕೆ ಕಿರಿಯನಾದ ಒಬ್ಬ ಬಂಗಾಳಿ ಹುಡುಗನಿದ್ದಾನೆ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮೃದು. ಮಧ್ಯಾಹ್ನ ಊಟದ ಡಬ್ಬಿ ತೆರೆದಿಟ್ಟುಕೊಂಡು ತುತ್ತು ಬಾಯಿಗಿಡುವುದನ್ನೂ ಮರೆತು ಫೋನು ನೋಡುತ್ತಿದ್ದ. ಬಗ್ಗಿ ನೋಡಿದರೆ ಎಂಟು ಕುದುರೆಗಳು ಓಡುತ್ತಿದ್ದವು. ಬಿಸಿಲು, ಬೇಲಿ, ವೀಕ್ಷಕ ವಿವರಣೆ, ಸವಾರರ ಬಣ್ಣದ ಅಂಗಿಗಳು ಎಲ್ಲವೂ ಇದ್ದವು. ಓಟ ಮುಗಿಯಿತು, ಮೂರು ನಿಮಿಷದ ಲೆಕ್ಕ ಕೆಳಗಿಳಿಯತೊಡಗಿತು, ಮತ್ತೆ ಎಂಟು ಕುದುರೆಗಳು ಬಂದು ನಿಂತವು. ರಾತ್ರಿ ಎರಡು ಗಂಟೆಗೂ ಅವು ಹೀಗೆಯೇ ಬಂದು ನಿಲ್ಲುತ್ತವೆ ಎಂದು ಆಮೇಲೆ ತಿಳಿಯಿತು.

ಈ ಕುದುರೆಗಳ ಒಳಮರ್ಮ ಬಹಳ ಸರಳ. ಯಂತ್ರವು ಯಾದೃಚ್ಛಿಕವಾಗಿ ಒಂದು ಸಂಖ್ಯೆಯನ್ನು ಹುಟ್ಟಿಸುತ್ತದೆ. ಗೆಲ್ಲುವವರು ಯಾರೆಂಬುದು ಆ ಸಂಖ್ಯೆಯಲ್ಲೇ ತೀರ್ಮಾನವಾಗುತ್ತದೆ. ನಾವು ನೋಡುವ ಓಟ ಆ ತೀರ್ಮಾನಕ್ಕೆ ತೊಡಿಸಿದ ಬಟ್ಟೆ ಮಾತ್ರ. ಕೊನೆಯ ನೂರು ಮೀಟರಿನಲ್ಲಿ ಮುನ್ನುಗ್ಗಿ ಬರುವ ಕಂದು ಕುದುರೆ ಎಲ್ಲಿಂದಲೂ ಬರುತ್ತಿಲ್ಲ. ದರಗಳನ್ನು ಮಾತ್ರ ನಡೆಸುವವನಿಗೆ ಲಾಭ ಉಳಿಯುವಂತೆ ಮೊದಲೇ ಕಟ್ಟಲಾಗಿರುತ್ತದೆ.

ಒಂದು ಸಂಜೆ ಅವನು ಸಹಕಾರಿ ಸಂಘದ ಸಾಲದ ಅರ್ಜಿ ಹಿಡಿದು ನನ್ನ ಮೇಜಿನ ಬಳಿ ಬಂದ. “ದಾದಾ, ಎರಡನೆಯ ಜಾಮೀನಿಗೆ ನೀವು ಸಹಿ ಹಾಕುತ್ತೀರಾ?” ಎಂದ. ಕಾರಣ ಕೇಳಿದೆ. ತಂಗಿಯ ಓದು ಎಂದ. ಕಣ್ಣು ಫೋನಿನ ಮೇಲಿತ್ತು. ನಾಳೆ ನೋಡೋಣ ಎಂದು ಕಳುಹಿಸಿದೆ. ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ 17ನೆಯದು ಸದಾ ಸಾಲಗಾರನಾಗಿರುವುದನ್ನು ಕುರಿತದ್ದು. ಅದನ್ನು ಅವನಿಗೆ ಓದಿ ಹೇಳಬಹುದಿತ್ತು. ಆದರೆ ಆ ರಾತ್ರಿ ನನಗೆ ನೆನಪಾದದ್ದು ನಿಯಮವಲ್ಲ, ನನ್ನ ಸೋದರಮಾವ.

ಮಾವ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಾನು ಚಿಕ್ಕವನಾಗಿದ್ದಾಗ, ಎಂಬತ್ತರ ದಶಕದ ಕೊನೆಯಲ್ಲಿ, ಬೇಸಿಗೆ ರಜೆಗೆ ಅವರ ಮನೆಗೆ ಹೋಗುತ್ತಿದ್ದೆ. ಶುಕ್ರವಾರ ಸಂಜೆ ಅವರು ರೇಸ್ ಪುಸ್ತಕ ಮತ್ತು ಒಂದು ತುಂಡು ಪೆನ್ಸಿಲ್ ಹಿಡಿದು ಕೂತರೆ ಅತ್ತೆ ಅಡುಗೆಮನೆಯ ಬಾಗಿಲನ್ನು ಸ್ವಲ್ಪ ಜೋರಾಗಿಯೇ ಮುಚ್ಚುತ್ತಿದ್ದರು. ಮಾವನಿಗೆ ಗೊತ್ತಿದ್ದದ್ದು ಸಾಮಾನ್ಯ ವಿದ್ಯೆಯಲ್ಲ. ಯಾವ ಕುದುರೆಯ ತಾಯಿ ಯಾರು, ತಂದೆ ಯಾರು, ಯಾವುದು ಮೆದು ನೆಲದಲ್ಲಿ ಓಡುತ್ತದೆ, ಯಾವುದಕ್ಕೆ ಈ ಬಾರಿ ಎಷ್ಟು ಕಿಲೋ ಹೆಚ್ಚು ಹೊರಿಸಿದ್ದಾರೆ, ಬೆಳಗಿನ ತಾಲೀಮಿನಲ್ಲಿ ಯಾವುದು ಎಷ್ಟು ಸೆಕೆಂಡಿನಲ್ಲಿ 600 ಮೀಟರ್ ಓಡಿತು, ಎಲ್ಲ ಬಾಯಲ್ಲಿತ್ತು. ಒಮ್ಮೆ ಹಾಸನದ ಬಸ್ಸಿನಲ್ಲಿ ಕುಣಿಗಲ್ ದಾಟುವಾಗ ನನ್ನನ್ನು ಎಬ್ಬಿಸಿ ಅಶ್ವಪಾಲನ ಕೇಂದ್ರವನ್ನು ತೋರಿಸಿದರು. “ಟಿಪ್ಪುವಿನ ಕಾಲದಿಂದ ಇಲ್ಲಿ ಕುದುರೆ ಸಾಕುತ್ತಿದ್ದಾರೆ ಕಣೋ. ಆಗ ಯುದ್ಧಕ್ಕೆ, ಈಗ ನಮಗೆ” ಎಂದರು. ‘ನಮಗೆ’ ಎಂಬ ಆ ಮಾತನ್ನು ಅವರು ಹೇಳಿದ ರೀತಿ ಇನ್ನೂ ಕಿವಿಯಲ್ಲಿದೆ.

ಇಷ್ಟೆಲ್ಲ ತಿಳಿದೂ ಮಾವ ಸೋತರು. ಅತ್ತೆಯ ಬಳೆ ಹೋಯಿತು, ಆಮೇಲೆ ನನ್ನ ಅಮ್ಮನ ಎರಡೆಳೆ ಸರವೂ ಹೋಯಿತು. ಮನೆಯಲ್ಲಿ ಯಾರೂ ಕೂಗಾಡಲಿಲ್ಲ. ಆ ವರ್ಷ ದಸರಾ ಗೊಂಬೆ ಕೂರಿಸುವಾಗ ಅಮ್ಮ ಚನ್ನಪಟ್ಟಣದ ಕೆಂಪು ಮರದ ಕುದುರೆಯನ್ನು ಪೆಟ್ಟಿಗೆಯಿಂದ ತೆಗೆಯಲಿಲ್ಲ, ಅಷ್ಟೇ. ಮುಂದೆಂದೂ ತೆಗೆಯಲಿಲ್ಲ. ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವಾಗ ಡಿ.ಎಚ್. ಲಾರೆನ್ಸನ ‘ರಾಕಿಂಗ್ ಹಾರ್ಸ್ ವಿನ್ನರ್’ ಕಥೆ ತರಗತಿಗೆ ಬಂತು. ಅದರಲ್ಲಿ ಒಬ್ಬ ಹುಡುಗ ಎಲ್ಲಿಗೂ ಹೋಗದ ಮರದ ಕುದುರೆಯ ಮೇಲೆ ತೂಗಿ ತೂಗಿ, ನಿಜವಾದ ರೇಸಿನಲ್ಲಿ ಗೆಲ್ಲುವ ಕುದುರೆಯ ಹೆಸರನ್ನು ಕಂಡುಕೊಳ್ಳುತ್ತಾನೆ. ಕೊನೆಗೆ ಅದರಲ್ಲೇ ಪ್ರಾಣ ಬಿಡುತ್ತಾನೆ. ಸಹಪಾಠಿಗಳು ಅದನ್ನು ಫ್ರಾಯ್ಡ್‌ನ ಮೂಲಕ ಓದುತ್ತಿದ್ದರು. ನಾನು ಅಟ್ಟದ ಮೇಲಿನ ಪೆಟ್ಟಿಗೆಯನ್ನು ನೆನೆಯುತ್ತಿದ್ದೆ.

ಕಾನೂನು ಮಾವನ ಪರವಾಗಿತ್ತು ಎನ್ನಬೇಕು. 1996ರಲ್ಲಿ ಡಾ. ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕುದುರೆ ಪಂದ್ಯ ಬರಿಯ ಅದೃಷ್ಟದಾಟವಲ್ಲ, ಅದರಲ್ಲಿ ಕೌಶಲವೇ ಪ್ರಧಾನ ಎಂದು ತೀರ್ಪಿತ್ತಿತು. ಕುದುರೆಯ ತಳಿ, ತರಬೇತಿ, ಸವಾರನ ಸಾಮರ್ಥ್ಯ, ಇವನ್ನೆಲ್ಲ ಬಲ್ಲವನು ತೂಗಿ ನೋಡಬಹುದು ಎಂಬುದು ಅದರ ತಿರುಳು. ಸರಿಯಾದ ಮಾತೇ. ಆದರೆ ತೆರಿಗೆಯವರಿಗೆ ಈ ಸೂಕ್ಷ್ಮ ಬೇಕಿರಲಿಲ್ಲ; 2023ರ ಅಕ್ಟೋಬರಿನಿಂದ ಆನ್‌ಲೈನ್ ಆಟ, ಕ್ಯಾಸಿನೊ, ಕುದುರೆ ಪಂದ್ಯ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಕಟ್ಟಿದ ಪೂರ್ತಿ ಮೊತ್ತದ ಮೇಲೆ ಶೇ. 28 ಜಿಎಸ್‌ಟಿ ಹಾಕಿದರು. ಅತ್ತೆಗೂ ಈ ಸೂಕ್ಷ್ಮದಿಂದ ಪ್ರಯೋಜನವಾಗಿರಲಿಲ್ಲ.

ಇದಕ್ಕಿಂತ ಚೆನ್ನಾಗಿ ನಳನ ಕಥೆ ಈ ವಿಷಯವನ್ನು ಬಲ್ಲದು. ಕನಕದಾಸರ ‘ನಳಚರಿತ್ರೆ’ಯಿಂದ ನಮಗೆಲ್ಲ ಪರಿಚಿತನಾದ ನಳ, ಪಗಡೆಯಲ್ಲಿ ರಾಜ್ಯ ಕಳೆದುಕೊಂಡು ಬಾಹುಕನಾಗಿ ಋತುಪರ್ಣನ ಸಾರಥಿಯಾಗುತ್ತಾನೆ. ದಾರಿಯಲ್ಲಿ ರಾಜ ಒಂದು ತಾರೆ ಮರದ ಎಲೆ, ಕಾಯಿಗಳ ಲೆಕ್ಕವನ್ನು ಕಣ್ಣಳತೆಯಲ್ಲೇ ಹೇಳುತ್ತಾನೆ. ಅವನಿಗೆ ಅಕ್ಷಹೃದಯ ಗೊತ್ತು. ನಳನಿಗೆ ಅಶ್ವಹೃದಯ ಗೊತ್ತು. ಇಬ್ಬರೂ ವಿದ್ಯೆಯನ್ನು ವಿನಿಮಯ ಮಾಡಿಕೊಳ್ಳುತ್ತಾರೆ, ನಳನ ಮೈಯಿಂದ ಕಲಿ ಹೊರಬೀಳುತ್ತಾನೆ. ದಾಳ ಮತ್ತು ಕುದುರೆ, ಎರಡರ ಹೃದಯವನ್ನೂ ಅರಿತವನಿಗೇ ಬಿಡುಗಡೆ ಎಂದು ಆ ಕಥೆ ನಂಬಿದೆ. ಮಾವನಿಗೆ ಅಶ್ವಹೃದಯವಷ್ಟೇ ಗೊತ್ತಿತ್ತು. ನಮ್ಮ ಕಚೇರಿಯ ಹುಡುಗನ ಆಟದಲ್ಲಿ ಅಶ್ವವೇ ಇಲ್ಲ. ಅಕ್ಷದ ಹೃದಯ ಯಾವುದೋ ದೇಶದ ಯಂತ್ರದೊಳಗೆ ಬೀಗ ಹಾಕಿಕೊಂಡು ಕೂತಿದೆ.

2025ರ ಜನವರಿಯಲ್ಲಿ ಒಂದು ಮಧ್ಯಾಹ್ನ ಅವನನ್ನು ರೇಸ್ ಕೋರ್ಸಿಗೆ ಕರೆದೊಯ್ದೆ. ಉಪದೇಶಕ್ಕಿಂತ ನಡಿಗೆ ಮೇಲೆಂದು ತೋರಿತು. ಹಣ ಕಟ್ಟುವುದಿಲ್ಲ ಎಂದು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ಚಳಿಗಾಲದ ತಿಳಿ ಬಿಸಿಲು. ಪ್ಯಾಡಕ್‌ನಲ್ಲಿ ಸಯೀಸರು ಕುದುರೆಗಳನ್ನು ಸುತ್ತು ನಡೆಸುತ್ತಿದ್ದರು. ನಾಲ್ಕೂವರೆ ಐದು ಕ್ವಿಂಟಲಿನ ಆ ಮೈ ಬೆರಳಿನಷ್ಟು ನರವೊಂದು ಮಿಡಿದರೂ ಕಾಣುವಂತೆ ಹೊಳೆಯುತ್ತಿತ್ತು. ಒಂದು ಹೆಣ್ಣು ಕುದುರೆ ಬೆವೆತು ನೊರೆಯಾಗಿತ್ತು. ಬೇಲಿಗೆ ಆತುಕೊಂಡಿದ್ದ ಮುದುಕರೊಬ್ಬರು, “ಇದು ಇವತ್ತು ಇಲ್ಲೇ ಓಡಿ ಮುಗಿಸಿತು, ಅಲ್ಲಿ ಇನ್ನೇನು ಓಡುತ್ತದೆ” ಎಂದರು. ಅದು ಕೊನೆಯಿಂದ ಎರಡನೆಯದಾಗಿ ಬಂತು. ಓಟಕ್ಕೆ ಹಿಡಿದದ್ದು ಒಂದೂಕಾಲು ನಿಮಿಷ. ಗೊರಸಿನ ಸದ್ದು ಕಿವಿಗೆ ಬರುವ ಮೊದಲೇ ಕಾಲಡಿಯ ನೆಲಕ್ಕೆ ಬಂತು. ಹುಡುಗನ ಬಾಯಿ ತೆರೆದಿತ್ತು.

ಆಮೇಲೆ ಏನೂ ಆಗಲಿಲ್ಲ. ಜೀನು ಇಳಿಸಿದರು, ಸವಾರರು ತೂಕಕ್ಕೆ ನಿಂತರು, ಮುಂದಿನ ಓಟದ ಕುದುರೆಗಳನ್ನು ನಿಧಾನವಾಗಿ ತಂದರು. ಹತ್ತು ನಿಮಿಷ ಕಳೆಯಿತು. “ಇಷ್ಟು ಹೊತ್ತು ಇವರೆಲ್ಲ ಏನು ಮಾಡುತ್ತಾರೆ ದಾದಾ?” ಎಂದು ಕೇಳಿದ. ಸುತ್ತ ನೋಡಿದೆ. ಕೆಲವರು ಪುಸ್ತಕ ತಿರುವುತ್ತಿದ್ದರು, ಕೆಲವರು ಚಹಾ ಕುಡಿಯುತ್ತಿದ್ದರು, ಜಗಳವಾಡುತ್ತಿದ್ದರು, ಒಬ್ಬರು ಕಿಸೆಯ ನೋಟನ್ನು ಎಣಿಸಿ ಮತ್ತೆ ಒಳಗಿಟ್ಟರು. ಅವನ ಕೈ ತಾನಾಗಿ ಫೋನಿಗೆ ಹೋಯಿತು.

ನಿಜವಾದ ರೇಸಿಗೂ ಫೋನಿನ ರೇಸಿಗೂ ಇರುವ ವ್ಯತ್ಯಾಸವನ್ನು ನಾನು ಕೌಶಲದಲ್ಲಿ ಹುಡುಕುತ್ತಿದ್ದೆ. ಅದು ಈ ಅರ್ಧ ಗಂಟೆಯಲ್ಲಿತ್ತು. ಕುದುರೆಗೆ ಉಸಿರಿದೆ. ಓಡಿದ ಕುದುರೆ ಅದೇ ದಿನ ಮತ್ತೆ ಓಡಲಾರದು; ಸಾಮಾನ್ಯವಾಗಿ ಎರಡು ಮೂರು ವಾರ ಅದಕ್ಕೆ ವಿಶ್ರಾಂತಿ ಬೇಕು. ದಿನಕ್ಕೆ ಏಳೆಂಟು ಓಟ, ಕತ್ತಲಾಗುವ ಮೊದಲು ಎಲ್ಲ ಮುಗಿದು ಗೇಟು ಮುಚ್ಚುತ್ತದೆ. ಪ್ರಾಣಿಯ ದಣಿವು ಮನುಷ್ಯನ ಆಸೆಗೂ ಒಂದು ಲಗಾಮು ಹಾಕಿರುತ್ತದೆ. ಮಾವ ಸೋತು ರೇಸ್ ಕೋರ್ಸ್ ರಸ್ತೆಯಿಂದ ಮೆಜೆಸ್ಟಿಕ್ಕಿಗೆ ನಡೆದು ಬರುತ್ತಿದ್ದರು, ಬಸ್ಸು ಹಿಡಿಯುತ್ತಿದ್ದರು, ಅತ್ತೆಯ ಮುಖ ನೋಡುತ್ತಿದ್ದರು, ಮುಂದಿನ ವಾರದವರೆಗೆ ಕಾಯುತ್ತಿದ್ದರು. ಅವರ ಹಾಳಾಗುವಿಕೆಗೆ ಹನ್ನೊಂದು ವರ್ಷ ಹಿಡಿಯಿತು. ಈ ಹುಡುಗನದಕ್ಕೆ ಏಳು ತಿಂಗಳು.

ಹಾಗೆಂದು ಹುಲ್ಲಿನ ಮೇಲಿನ ಆಟವನ್ನು ನಾನು ಪೂಜಿಸಲಾರೆ. ಚಾಟಿಯನ್ನು ಕಣ್ಣಾರೆ ಕಂಡೆ. ಹೊರಗೆ ಬಂದರೆ ವಿಕ್ಟೋರಿಯಾ ಸ್ಮಾರಕದ ಮುಂದೆ ಸಾರೋಟು ಎಳೆಯುವ ಕುದುರೆಗಳು ಪಕ್ಕೆಲುಬು ಎಣಿಸುವಂತೆ ನಿಂತಿರುತ್ತವೆ. ಅವುಗಳ ಪರವಾಗಿ ವ್ಯಾಜ್ಯಗಳು ಕಲ್ಕತ್ತಾ ಹೈಕೋರ್ಟಿನವರೆಗೆ ಹೋಗಿವೆ. ಚಿತ್ರದ ಕುದುರೆಗೆ ಕಾಲು ಮುರಿಯುವುದಿಲ್ಲ ಎಂಬ ವಾದದಲ್ಲೂ ಹುರುಳಿದೆ. ಕೊರೊನಾದಿಂದ ಇಂಗ್ಲೆಂಡಿನ ಗ್ರ್ಯಾಂಡ್ ನ್ಯಾಷನಲ್ ನಿಂತುಹೋದ 2020ರ ಏಪ್ರಿಲ್‌ನಲ್ಲಿ, ಓಡಬೇಕಾಗಿದ್ದ ನಿಜ ಕುದುರೆಗಳ ಅಂಕಿಅಂಶಗಳನ್ನೇ ತುಂಬಿ ಕಂಪ್ಯೂಟರಿನಲ್ಲಿ ಓಟ ನಡೆಸಿ ಟೀವಿಯಲ್ಲಿ ತೋರಿಸಿದರು. ಪಾಟರ್ಸ್ ಕಾರ್ನರ್ ಎಂಬ ಕುದುರೆ ಗೆದ್ದಿತು. ಒಬ್ಬರು ಹತ್ತು ಪೌಂಡಿಗಿಂತ ಹೆಚ್ಚು ಕಟ್ಟುವಂತಿರಲಿಲ್ಲ. ಲಾಭ ಅಲ್ಲಿನ ಆರೋಗ್ಯ ಸೇವೆಯ ದತ್ತಿನಿಧಿಗೆ ಹೋಯಿತು. ವರ್ಷಕ್ಕೊಂದೇ ಓಟ, ಕಟ್ಟುವುದಕ್ಕೊಂದು ಮಿತಿ. ಅಂಥ ಚಿತ್ರದ ಕುದುರೆಯ ಮೇಲೆ ನನಗೆ ತಕರಾರಿಲ್ಲ.

ಆ ರಾತ್ರಿ ಮೈಸೂರಿಗೆ ಫೋನು ಮಾಡಿ ಅಮ್ಮನಿಗೆ ರೇಸ್ ಕೋರ್ಸಿಗೆ ಹೋದದ್ದನ್ನು ಹೇಳಿದೆ. “ದುಡ್ಡು ಕಟ್ಟಿದೆಯೇನೋ?” ಎಂದರು. ಇಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕುದುರೆಗಳು ಹೇಗಿದ್ದವು?” ಎಂದು ಕೇಳಿದರು. ಮಾವ ತೀರಿಕೊಂಡು ಹದಿನಾಲ್ಕು ವರ್ಷವಾದ ಮೇಲೆ ಅಮ್ಮ ಕುದುರೆಯ ಮಾತೆತ್ತಿದ್ದು ಅದೇ ಮೊದಲು.

ಜಾಮೀನಿಗೆ ಸಹಿ ಹಾಕಿದೆ, ಎರಡು ಷರತ್ತಿನ ಮೇಲೆ. ಅವನ ತಂದೆಗೆ ವಿಷಯ ಪೂರ್ತಿ ತಿಳಿಯಬೇಕು. ಹಣ ಅವನ ಕೈಗೆ ಬರದೆ ಸಾಲ ಕೊಟ್ಟವರಿಗೆ ನೇರ ಹೋಗಬೇಕು. ತಂದೆ ಕೃಷ್ಣನಗರದಿಂದ ರೈಲು ಹತ್ತಿ ಬಂದರು. ನಮ್ಮ ಕ್ಯಾಂಟೀನಿನಲ್ಲಿ ಮೂವರೂ ಮಾತಿಲ್ಲದೆ ಚಹಾ ಕುಡಿದೆವು.

ಅದೇ ವರ್ಷ ಆಗಸ್ಟಿನಲ್ಲಿ ಸಂಸತ್ತು, ಕೌಶಲದ್ದೋ ಅದೃಷ್ಟದ್ದೋ ಎಂದು ನೋಡದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. “ಬೇರೆ ಹೆಸರಿನಲ್ಲಿ ಇನ್ನೂ ಸಿಗುತ್ತದೆ ದಾದಾ, ನಾನು ನೋಡುತ್ತಿಲ್ಲ” ಎಂದ. ನಂಬಿದೆ, ತಿಂಗಳ ಕಂತಿನ ರಸೀದಿಯನ್ನೂ ನೋಡುತ್ತೇನೆ.

ಸೆಪ್ಟೆಂಬರಿನಲ್ಲಿ ಅವನೇ ಒಂದು ಸುದ್ದಿ ತೋರಿಸಿದ. ಜಪಾನಿನ ಹರು ಉರಾರ ಎಂಬ ಹೆಣ್ಣು ಕುದುರೆ 29ನೆಯ ವಯಸ್ಸಿನಲ್ಲಿ ಸತ್ತಿತ್ತು. 113 ಬಾರಿ ಓಡಿ ಒಮ್ಮೆಯೂ ಗೆಲ್ಲದ ಕುದುರೆ ಅದು. ಅದರ ಮೇಲೆ ಕಟ್ಟಿ ಸೋತ ಚೀಟಿಗಳನ್ನು ಜನ ರಸ್ತೆ ಅಪಘಾತ ತಗುಲದಿರಲೆಂದು ತಾಯತದಂತೆ ಇಟ್ಟುಕೊಳ್ಳುತ್ತಿದ್ದರಂತೆ. ಪಣವಿಲ್ಲದೆ ಆಡುವ ‘ಉಮಾಮುಸುಮೆ’ ಎಂಬ ಆಟದಲ್ಲಿ ಅದರ ಹೆಸರಿನ ಪಾತ್ರವೊಂದಿದೆ. 2025ರ ಜೂನಿನಲ್ಲಿ ಆ ಆಟ ಇಂಗ್ಲಿಷಿಗೆ ಬಂದ ಮೇಲೆ ಎಲ್ಲೆಲ್ಲಿನ ಹುಡುಗರೋ ಆ ಮುದಿ ಕುದುರೆಗೆಂದು ಟನ್ನುಗಟ್ಟಲೆ ಹಸಿ ಹುಲ್ಲನ್ನು ದಾನ ಕಳುಹಿಸಿದ್ದರು.

“ಒಂದು ಹೊರೆ ಹುಲ್ಲಿಗೆ ಎಷ್ಟಾಗಬಹುದು ದಾದಾ?” ಎಂದು ಕೇಳಿದ. ವಿಕ್ಟೋರಿಯಾದ ಎದುರಿನ ಸಾರೋಟಿನವರನ್ನು ಕೇಳಬೇಕು ಎಂದೆ. ಶನಿವಾರ ಇಬ್ಬರೂ ಹೋಗುವುದೆಂದು ಮಾತಾಯಿತು.