ಬಟನ್ ಇಲ್ಲೇ ಹಾಕೋದಾ, ಹೊರಗೆ ಕಳಿಸೋದಾ?

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಮನೆಯಲ್ಲಿ ಬೆಳೆದವರಿಗೆ ಒಂದು ವಿಷಯ ಗೊತ್ತಿರುತ್ತೆ: ಒಂದು ಪ್ಯಾಂಟಿನ ಕೆಲಸವೆಲ್ಲ ಒಂದೇ ಕಡೆ ಮುಗಿಯಲ್ಲ. ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ವಾಷಿಂಗ್ ಮತ್ತೊಂದು ಕಡೆ. ಕಂಪೈಲರ್ ಸೆಟಿಂಗ್ಸ್ ಜೊತೆ ಗುದ್ದಾಡುವ ನನ್ನ ಕೆಲಸವೂ ಹೆಚ್ಚುಕಡಿಮೆ ಇಂಥದ್ದೇ.

ಪ್ರೋಗ್ರಾಮ್‌ನಲ್ಲಿ ಒಂದು ಫಂಕ್ಷನ್ ಇನ್ನೊಂದನ್ನು ಕರೆದಾಗ ಮಾಹಿತಿ ಒಪ್ಪಿಸಬೇಕು, ಅಲ್ಲಿಗೆ ಹಾರಬೇಕು, ಕೆಲಸ ಮುಗಿಸಿ ವಾಪಸ್ ಬರಬೇಕು. ಎರಡೇ ಸಾಲಿನ ಕೆಲಸಕ್ಕೆ ಈ ಓಡಾಟವೇ ದುಬಾರಿ. ಅದಕ್ಕೇ ಕಂಪೈಲರ್ ಆ ಸಾಲುಗಳನ್ನು ತಂದು ಕರೆದ ಜಾಗದಲ್ಲೇ ಅಂಟಿಸುತ್ತೆ. ಇದೇ ಇನ್‌ಲೈನಿಂಗ್. ಓಡಾಟ ಉಳಿಯೋದಷ್ಟೇ ಅಲ್ಲ, ಎಲ್ಲವೂ ಕಣ್ಣೆದುರಿಗೇ ಇರೋದರಿಂದ ಎಷ್ಟೋ ಲೆಕ್ಕಗಳನ್ನು ಕಂಪೈಲರ್ ಮೊದಲೇ ಮುಗಿಸಿಬಿಡುತ್ತೆ.

ಹಾಗಾದ್ರೆ ಎಲ್ಲವನ್ನೂ ಇನ್‌ಲೈನ್ ಮಾಡಿದ್ರಾಯ್ತಲ್ಲ?

ಈ ಪ್ರಶ್ನೆ ನಮ್ಮ ತಂಡದಲ್ಲೂ ಎದ್ದಿತ್ತು. ಹೊಲದ ಪಂಪ್‌ಸೆಟ್ ಕಾಯುವ ಪುಟ್ಟ ಸಾಧನ ಅದು. ಚಿಪ್‌ನಲ್ಲಿ ಪ್ರೋಗ್ರಾಮ್‌ಗೆ ಇದ್ದ ಜಾಗ 32 ಕೆಬಿ, ಆರ್ಡುಯಿನೊ ಉನೊದಲ್ಲಿ ಇರುವಷ್ಟೇ. ವೇಗಕ್ಕೆ ಒತ್ತು ಕೊಡುವ 'ಓ3' ಹಾಕಿದರೆ ಕೋಡ್ ಉಬ್ಬಿ ಹಿಡಿಸಲಿಲ್ಲ. ಗಾತ್ರ ಇಳಿಸುವ 'ಓಎಸ್' ಹಾಕಿದರೆ ಹಿಡಿಸಿತು, ಆದರೆ ಸೆಕೆಂಡಿಗೆ ಸಾವಿರಾರು ಸಲ ಕರೆಂಟ್ ಅಳೆಯುವ ಭಾಗ ಹಿಂದೆ ಬಿತ್ತು. ಅಳತೆ ತಪ್ಪಿದರೆ ಓವರ್‌ಲೋಡ್ ತಿಳಿಯಲ್ಲ. ಸಿರುಗುಪ್ಪದಂಥ ಭತ್ತದ ಊರಲ್ಲಿ ನಾಟಿ ಹೊತ್ತಿಗೆ ಮೋಟಾರ್ ಸುಟ್ಟರೆ ರೈತನ ಗತಿ ಏನು?

ಊರಿಗೆ ಹೋದಾಗ ಅಪ್ಪನ ಹತ್ರ ಹೇಳಿಕೊಂಡೆ. "ಬಟನ್ ಹಾಕೋ ಮಿಷನ್ ದಿನಕ್ಕ ನೂರು ಸಲ ಬೇಕು, ಅದು ಶೆಡ್‌ನಾಗ ಇರ್ಲಿ. ವಾಷಿಂಗ್ ಮಿಷನ್ನೂ ತಂದಿಟ್ರ ಹೊಲಿಯೋರು ಎಲ್ಲಿ ಕುಂದ್ರಬೇಕಪ್ಪಾ?" ಅಂದ್ರು.

ನಾವು ಮಾಡಿದ್ದೂ ಅದನ್ನೇ. ಒಟ್ಟಾರೆ 'ಓಎಸ್'. ಪದೇಪದೇ ಓಡುವ ಅಳತೆಯ ಎರಡು ಪುಟ್ಟ ಫಂಕ್ಷನ್‌ಗಳಿಗೆ ಮಾತ್ರ 'ಆಲ್ವೇಸ್ ಇನ್‌ಲೈನ್', ಅಪರೂಪಕ್ಕೆ ಓಡುವ ಎರರ್ ಭಾಗಕ್ಕೆ 'ನೋ ಇನ್‌ಲೈನ್'. ಜಾಗವೂ ಸಾಲ್ತು, ಅಳತೆಯೂ ಸರಿಹೋಯ್ತು.

ನೀವೂ ಜಿಸಿಸಿ ಬಳಸ್ತಿದ್ದರೆ ಇಷ್ಟು ನೆನಪಿಡಿ. ಸಿ ಭಾಷೆಯಲ್ಲಿ 'ಇನ್‌ಲೈನ್' ಅನ್ನೋದು ಬರೀ ಸಲಹೆ. ಕೇಳೋದು ಬಿಡೋದು ಕಂಪೈಲರ್‌ಗೆ ಬಿಟ್ಟಿದ್ದು. ಒಂದೇ ಕಡೆಯಿಂದ ಕರೆಯುವ ಸ್ಟ್ಯಾಟಿಕ್ ಫಂಕ್ಷನ್ ಅನ್ನು ಅದು ತಾನಾಗೇ ಒಳಗೆ ಸೇರಿಸಿಕೊಳ್ಳೋದುಂಟು, ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ. ದೊಡ್ಡ ಸರ್ವರ್‌ನಲ್ಲೂ ಕೋಡ್ ಉಬ್ಬಿದರೆ ಪ್ರೊಸೆಸರ್‌ನ ಕ್ಯಾಶ್‌ನಲ್ಲಿ ಹಿಡಿಸದೆ ಉಲ್ಟಾ ನಿಧಾನವಾಗಬಹುದು. ಅದಕ್ಕೇ 'ಓ2'ನಿಂದ ಶುರು ಮಾಡಿ. ಸೆಟಿಂಗ್ ಬದಲಿಸಿದಾಗೆಲ್ಲ ಗಾತ್ರ, ಸಮಯ ಎರಡನ್ನೂ ಬರೆದಿಟ್ಟುಕೊಳ್ಳಿ. ಒಂದನ್ನೇ ನೋಡಿದರೆ ಇನ್ನೊಂದು ಕೈಕೊಡುತ್ತೆ.