ಏನ್ ಮಾರ್ತೀರಿ ಸರ?

ಲಾಡ್ಜಿನ ರಿಜಿಸ್ಟರ್ ಪುಸ್ತಕವನ್ನು ಎಂದಾದರೂ ನಿಧಾನವಾಗಿ ಓದಿದ್ದೀರಾ? ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ, ಬಂದ ಕಾರಣವೇನು ಅಂತ ಉಪನಿಷತ್ತಿನ ಪ್ರಶ್ನೆಗಳನ್ನೆಲ್ಲ ಒಂದೇ ಸಾಲಿನಲ್ಲಿ ಕೇಳಿ, ಉತ್ತರಕ್ಕೆ ಒಂದೊಂದು ಇಂಚು ಜಾಗ ಬಿಟ್ಟಿರುತ್ತಾರೆ. ಇಪ್ಪತ್ತು ವರ್ಷಗಳಿಂದ ಊರೂರು ಸುತ್ತುವ ನನಗೆ ಉಳಿದ ಕಾಲಮ್ಮುಗಳೆಲ್ಲ ಸರಾಗ. ‘ಉದ್ಯೋಗ’ ಅನ್ನುವಲ್ಲಿಗೆ ಬಂದಾಗ ಮಾತ್ರ ಪೆನ್ನು ನಿಂತುಬಿಡುತ್ತದೆ. ‘ಮಾರ್ಕೆಟಿಂಗ್ ಕನ್ಸಲ್ಟೆಂಟ್’ ಅಂತ ಬರೆಯಲು ಒಂದಿಂಚು ಸಾಲುವುದಿಲ್ಲ. ಕನ್ಸಲ್ಟೆಂಟನ ಬಾಲ ಪಕ್ಕದ ‘ರೂಮ್ ನಂಬರ್’ಗೆ ನುಗ್ಗಿರುತ್ತದೆ.

ಬ್ಯಾಡಗಿಯ ಲಾಡ್ಜೊಂದರಲ್ಲಿ ಮ್ಯಾನೇಜರು ಮೂಗಿನ ತುದಿಯ ಕನ್ನಡಕದಲ್ಲಿ ಅದನ್ನು ಅಕ್ಷರ ಅಕ್ಷರವಾಗಿ ಓದಿದರು.

“ಅಂದ್ರ, ಏನ್ ಮಾರ್ತೀರಿ ಸರ?”

“ನಾನೇನೂ ಮಾರೋದಿಲ್ಲ. ಹೇಗೆ ಮಾರ್ಬೇಕು ಅಂತ ಮಾರೋರಿಗೆ ಹೇಳ್ತೀನಿ.”

“ಮಾರೋರಿಗೆ ಗೊತ್ತಿರಂಗಿಲ್ಲೇನ್ರಿ?”

ಇದಕ್ಕೆ ನನ್ನ ಬಳಿ ನಲವತ್ತು ಸ್ಲೈಡುಗಳ ಉತ್ತರವಿತ್ತು. ಆದರೆ ಕೌಂಟರಿನಲ್ಲಿ ಪ್ರೊಜೆಕ್ಟರ್ ಇರಲಿಲ್ಲ.

“ಹಂಗ ಹೇಳಿದ್ದಕ್ಕ ರೊಕ್ಕ ಕೊಡ್ತಾರ?”

“ಕೊಡ್ತಾರೆ. ಸ್ವಲ್ಪ ತಡವಾಗಿ.”

ಅವರು ನನ್ನನ್ನೊಮ್ಮೆ, ನನ್ನ ಕಪ್ಪು ಬ್ಯಾಗನ್ನೊಮ್ಮೆ ನೋಡಿದರು. ಏನೋ ಹೊಳೆದವರಂತೆ, “ಓಹೋ, ಮೆಡಿಕಲ್ ರೆಪ್ಪ ಏನ್ರಿ!” ಅಂದರು. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದವನಿಗೆ ವಾದ ಮಾಡುವ ಚೈತನ್ಯ ಎಲ್ಲಿಂದ ಬರಬೇಕು? ಹೂಂ ಅಂದೆ. ಬೀಗದ ಕೈ ಸಿಕ್ಕಿತು.

ಬ್ಯಾಡಗಿಗೆ ಯಾಕೆ ಹೋಗಿದ್ದೆ ಅಂತ ಆಮೇಲೆ ಹೇಳುತ್ತೇನೆ, ಮರೆತರೆ ನೆನಪಿಸಿ. ಮೊದಲು ಈ ಕೆಲಸ ಏನು ಅನ್ನುವುದನ್ನು ಸ್ವಲ್ಪ ಹೇಳಬೇಕು. ಬೆಳಿಗ್ಗೆ ಹತ್ತಕ್ಕೆ ಯಾವುದೋ ಕಂಪನಿಯ ಮೀಟಿಂಗ್ ರೂಮಿನಲ್ಲಿ ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸುತ್ತೇನೆ. ಪರದೆಯ ಮೇಲೆ ಏನೂ ಬರುವುದಿಲ್ಲ. ಚಹಾ ತಂದ ಹುಡುಗ ಬಂದು ವೈರು ಮುಟ್ಟುತ್ತಾನೆ, ಬರುತ್ತದೆ. ಮೊದಲ ಸ್ಲೈಡಿನಲ್ಲಿ ಸುತ್ತಲೂ ಬಾಣಗಳು, ನಡುವೆ ಒಂದು ವೃತ್ತ, ವೃತ್ತದೊಳಗೆ ‘ಗ್ರಾಹಕ’. ಎಲ್ಲವೂ ಅವನ ಸುತ್ತ ತಿರುಗಬೇಕು ಅನ್ನುತ್ತೇನೆ, ಮಾಲೀಕರು ತಲೆದೂಗುತ್ತಾರೆ. ಒಮ್ಮೆ ಹೀಗೆ ಮಾತು ಕಳೆಗಟ್ಟಿದ್ದಾಗ ಹೊರಗಿನಿಂದ “ಯಾರ್ರೀ ಅಲ್ಲಿ? ಯಾರೂ ಇಲ್ವಾ?” ಅಂತ ಕೂಗು ಕೇಳಿಸಿತು. ನೋಡಿದರೆ ಕೌಂಟರಿನಲ್ಲಿ ನಿಜವಾದ ಗ್ರಾಹಕ. ಕೌಂಟರಿನವರೆಲ್ಲ ಗ್ರಾಹಕನ ವಿಷಯ ಕೇಳಲು ಒಳಗೆ ಬಂದು ಕೂತಿದ್ದರು. ಮಾಲೀಕರ ಅಪ್ಪಣೆಯಂತೆ ಹೊರಬಾಗಿಲು ಹಾಕಿಕೊಳ್ಳಲಾಯಿತು. ನಾನು ಮುಂದುವರಿಸಿದೆ.

ಈ ‘ಗ್ರಾಹಕ’ ಅನ್ನುವ ಮಾತೇ ನೋಡಿ. ಗ್ರಹ, ಗ್ರಹಣ, ಗ್ರಾಹಕ ಎಲ್ಲವೂ ಹಿಡಿಯುವುದು ಅನ್ನುವ ಒಂದೇ ಧಾತುವಿನ ಮಕ್ಕಳು. ಯಾರು ಯಾರನ್ನು ಹಿಡಿಯುತ್ತಾರೆ ಅನ್ನುವುದು ವ್ಯಾಪಾರದ ಮೇಲೆ ಹೋಗುತ್ತದೆ. ‘ಗ್ರಾಹಕ’ ಬ್ಯಾಂಕಿನ ಬೋರ್ಡಿನ ಮೇಲಿರುವ ಮರ್ಯಾದಸ್ಥ, ಬೀದಿಗೆ ಇಳಿಯುವವನಲ್ಲ. ಬೀದಿಯಲ್ಲಿರುವವನು ಗಿರಾಕಿ. ಗಿರಾಕಿ ಚೌಕಾಸಿ ಮಾಡುತ್ತಾನೆ, ಉದ್ರಿ ಹೇಳುತ್ತಾನೆ, ಹತ್ತು ಸೀರೆ ಬಿಚ್ಚಿಸಿ ‘ಮನೇಲಿ ಕೇಳ್ಕೊಂಡು ಬರ್ತೀನಿ’ ಅಂತ ಎದ್ದು ಹೋಗುತ್ತಾಳೆ. ಬೆಳಿಗ್ಗೆ ಮೊದಲು ಬಂದರೆ ಬೋಣಿಯ ದೇವರು, ಅಂಗಡಿ ಮುಚ್ಚುವಾಗ ಬಂದರೆ ಪೀಡೆ. ನಮ್ಮ ಜನ ಅದೇ ಪದವನ್ನು ಬೇರೆ ಅರ್ಥದಲ್ಲೂ ಬಳಸುವುದು ಸುಮ್ಮನೆಯೇ? ‘ಅವನೊಂದು ಗಿರಾಕಿ ಕಣಯ್ಯ’ ಅಂದರೆ ಸಾಕು, ಆಸಾಮಿ ಎಂಥವನು ಅಂತ ತಿಳಿಯುತ್ತದೆ. ಇಷ್ಟೊಂದು ಅರ್ಥವನ್ನು ನನ್ನ ಸ್ಲೈಡಿನ ವೃತ್ತದೊಳಗೆ ಹೇಗೆ ತುಂಬಲಿ?

ಬೋರ್ಡು ಅಂದಾಗ ನೆನಪಾಯಿತು. ಗಾಂಧೀಜಿಯ ಬೊಚ್ಚುಬಾಯಿ ನಗುವಿನ ಚಿತ್ರದ ಪಕ್ಕದಲ್ಲಿ, ಗ್ರಾಹಕನೇ ನಮ್ಮಲ್ಲಿಗೆ ಬರುವ ಅತಿ ಮುಖ್ಯ ಅತಿಥಿ ಅನ್ನುವ ಅರ್ಥದ ನಾಲ್ಕು ಸಾಲು ಬರೆದ ಫಲಕವನ್ನು ನೀವು ನೋಡಿಯೇ ಇರುತ್ತೀರಿ. ಪೋಸ್ಟಾಫೀಸು, ಸೊಸೈಟಿ, ಗ್ಯಾಸ್ ಏಜೆನ್ಸಿ, ಎಲ್ಲಿ ಅತಿ ಹೆಚ್ಚು ಹೊತ್ತು ನಿಲ್ಲಿಸುತ್ತಾರೋ ಅಲ್ಲೆಲ್ಲ ಇದು ತಪ್ಪದೆ ಇರುತ್ತದೆ. ಓದಿಕೊಳ್ಳಲಿ ಅಂತಲೋ ಏನೋ. ನಾನೂ ಅದನ್ನು ವರ್ಷಗಟ್ಟಲೆ ಸ್ಲೈಡಿನಲ್ಲಿ ಹಾಕಿದವನೇ. 1890ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಮಾಡಿದ ಭಾಷಣದ್ದು ಅಂತ ಕೆಲವು ಕಡೆ ಅಡಿಯಲ್ಲಿ ಬರೆದಿರುತ್ತಾರೆ. ಒಂದು ಸಲ ಧಾರವಾಡದಲ್ಲಿ ನಿವೃತ್ತ ಇತಿಹಾಸದ ಮೇಷ್ಟರೊಬ್ಬರು ಹಿಂದಿನ ಸಾಲಿನಿಂದ ಕೈ ಎತ್ತಿ, “ಗಾಂಧೀಜಿ ದಕ್ಷಿಣ ಆಫ್ರಿಕಾಕ್ಕ ಹೋಗಿದ್ದು 1893ರಾಗಲ್ಲೇನ್ರಿ?” ಅಂದರು. ಹೌದಲ್ಲ! 1890ರಲ್ಲಿ ಅವರು ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ವಿದ್ಯಾರ್ಥಿ. ಮಾಂಸ ಮುಟ್ಟುವುದಿಲ್ಲ ಅಂತ ತಾಯಿಗೆ ಮಾತು ಕೊಟ್ಟು ಹೋದ ಹುಡುಗ, ಆ ಊರಿನಲ್ಲಿ ಸಸ್ಯಾಹಾರದ ಹೋಟೆಲು ಹುಡುಕಿಕೊಂಡು ಮೈಲಿಗಟ್ಟಲೆ ನಡೆದವರು. ಅಂದರೆ ಅವರೇ ಹಸಿದ ಗಿರಾಕಿ. ಹೊಟ್ಟೆ ತುಂಬ ಬಡಿಸುವ ಅಂಗಡಿ ಸಿಕ್ಕಿದರೆ ಸಾಕಾಗಿದ್ದವರ ಬಾಯಲ್ಲಿ ನಾವು ಮ್ಯಾನೇಜ್‌ಮೆಂಟ್ ಪಾಠ ಹಾಕಿದ್ದೇವೆ. ಅಂದೇ ಆ ಸ್ಲೈಡು ತೆಗೆದೆ. ಈಗ ಅಲ್ಲಿ ಸೂರ್ಯೋದಯದ ಚಿತ್ರವಿದೆ, ಅದಕ್ಕೆ ಯಾರೂ ಆಕ್ಷೇಪ ಎತ್ತುವುದಿಲ್ಲ.

ಹಾಂ, ಬ್ಯಾಡಗಿ. ಮಸಾಲೆ ಪುಡಿ ಮಾಡುವ ಸಣ್ಣ ಕಂಪನಿಯೊಂದು, ತಮ್ಮ ಖಾರದ ಪುಡಿ ಯಾಕೆ ಹೋಗುತ್ತಿಲ್ಲ ನೋಡಿ ಅಂತ ಕರೆದಿತ್ತು. ಪೊಟ್ಟಣದ ಮೇಲೆ ಕಣ್ಣಲ್ಲಿ ನೀರು ಬರಿಸುವಷ್ಟು ಖಾರ ಅನ್ನುವ ಹಾಗೆ ಬೆಂಕಿಯ ಜ್ವಾಲೆಯ ಚಿತ್ರ ಬೇರೆ. ಮೂಲದಿಂದಲೇ ಶುರುಮಾಡೋಣ ಅಂತ ಮೆಣಸಿನಕಾಯಿ ಮಾರುಕಟ್ಟೆಗೆ ಹೋದೆ. ಸುಗ್ಗಿಯಲ್ಲಿ ನೋಡಬೇಕು ಅದನ್ನು. ಕಣ್ಣು ಹಾಯುವವರೆಗೂ ಚೀಲ, ಚೀಲದ ಬಾಯಲ್ಲಿ ಕೆಂಪು, ನೆಲದ ಮೇಲೂ ಕೆಂಪು. ಹೊಸಬರನ್ನು ಗುರುತಿಸುವುದು ಸುಲಭ, ಸೀನುತ್ತಿರುವವನೇ ಹೊಸಬ. ಕಡ್ಡಿ ಅಂತ ಒಂದು, ತೆಳ್ಳಗೆ ಉದ್ದ. ಡಬ್ಬಿ ಅಂತ ಇನ್ನೊಂದು, ಗಿಡ್ಡಗೆ ದಪ್ಪ. ಎರಡಕ್ಕೂ ಮುದುಕಿಯ ಕೆನ್ನೆಯ ಹಾಗೆ ಸುಕ್ಕು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂದಿದೆ. ಒಬ್ಬ ರೈತರನ್ನು “ತುಂಬಾ ಖಾರವೋ?” ಅಂತ ಕೇಳಿದೆ. ಅವರಿಗೆ ನನ್ನ ಮೇಲೆ ಕನಿಕರ ಬಂದಂತೆ ಕಂಡಿತು. “ಖಾರ ಬೇಕಾದವ್ರು ಗುಂಟೂರಿಗೆ ಹೋಗ್ತಾರ್ರಿ. ಇಲ್ಲಿಗೆ ಬಣ್ಣಕ್ಕ ಬರ್ತಾರ” ಅಂದರು.

ಅಮೆರಿಕದ ಹಾರ್ವರ್ಡ್‌ನಲ್ಲಿ ಥಿಯೊಡೋರ್ ಲೆವಿಟ್ ಅನ್ನುವ ಪ್ರೊಫೆಸರರಿದ್ದರು. 1960ರಲ್ಲಿ ಅವರು ಬರೆದ ಒಂದು ಲೇಖನವನ್ನು ನಮ್ಮ ಕಸುಬಿನವರು ಗೀತೆಯ ಹಾಗೆ ಪಾರಾಯಣ ಮಾಡುತ್ತೇವೆ. ವ್ಯಾಪಾರಿಗಳಿಗೆ ಹತ್ತಿರದ್ದು ಮಾತ್ರ ಕಾಣುವ ದೃಷ್ಟಿದೋಷವಿದೆ ಅನ್ನುವುದು ಅವರ ವಾದ. ತಾವು ರೈಲು ಓಡಿಸುವವರು ಅಂದುಕೊಂಡ ರೈಲು ಕಂಪನಿಗಳು, ಜನಕ್ಕೆ ಬೇಕಾದದ್ದು ರೈಲಲ್ಲ, ಊರು ತಲುಪುವುದು ಅನ್ನುವುದನ್ನು ಮರೆತವಂತೆ. ಅಷ್ಟರಲ್ಲಿ ಕಾರು, ವಿಮಾನ ಬಂದು ಅವರ ಪ್ರಯಾಣಿಕರನ್ನು ಕರೆದೊಯ್ದವು. ಇದನ್ನು ಬಿಡಿಸಿ ಹೇಳಲು ನನಗೆ ಅರ್ಧ ದಿನ ಬೇಕು, ನಡುವೆ ಊಟದ ವಿರಾಮ. ರೈತರು ಬೀಡಿ ಹೊತ್ತಿಸುವಷ್ಟರಲ್ಲಿ ಮುಗಿಸಿದ್ದರು. ಬ್ಯಾಡಗಿಯ ಬಣ್ಣವನ್ನು ಹಿಂಡಿ ತೆಗೆದು ಲಿಪ್‌ಸ್ಟಿಕ್, ಉಗುರುಬಣ್ಣಗಳಿಗೂ ಹಾಕುತ್ತಾರೆ ಅನ್ನುವುದೂ ಅವರಿಗೆ ಗೊತ್ತಿತ್ತು. “ನಮ್ಮ ಮೆಣಸಿನಕಾಯಿ ಎಲ್ಲೆಲ್ಲಿ ಹಚ್ಕೋತಾರೋ ಯಾಂವ ಬಲ್ಲ” ಅಂತ ನಕ್ಕರು. ನಾನು ಬೆಂಗಳೂರಿಗೆ ಬಂದು, ಪೊಟ್ಟಣದ ಮೇಲಿನ ಬೆಂಕಿ ತೆಗೆದು ಕೆಂಪಗೆ ಹೊಳೆಯುವ ಸಾರಿನ ಬಟ್ಟಲು ಹಾಕಿ ಅಂತ ವರದಿ ಕೊಟ್ಟೆ. ಐವತ್ತೆರಡು ಪುಟ. ಮಾತು ರೈತರದು, ಬಿಲ್ಲು ನನ್ನದು.

ಅದಕ್ಕೂ ಮೊದಲು ಆ ಕಂಪನಿಯವರು ಸರ್ವೇ ಮಾಡಿಸಿದ್ದರು. ಮನೆಮನೆಗೆ ಹೋಗಿ ಪುಡಿ ಕೊಟ್ಟು ಹೇಗಿದೆ ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂದಿದ್ದರು. ಅನ್ನದೆ ಏನು ಮಾಡುತ್ತಾರೆ? ಬೇರೆಯವರ ಮನೆಯಲ್ಲಿ ಉಪ್ಪಿಟ್ಟು ತಿಂದು, ‘ಹೇಗಿದೆ?’ ಅಂದಾಗ ನಿಜ ಹೇಳಿದವರು ಯಾರಾದರೂ ಇದ್ದಾರೆಯೇ? ಇನ್ನೊಂದು ಸೌಟು ಬೀಳುತ್ತದೆ ಅಂತ ಗೊತ್ತಿದ್ದೂ ಚೆನ್ನಾಗಿದೆ ಅನ್ನುತ್ತೇವೆ. ಇದು ನಮ್ಮ ದೇಶದ ದಾಕ್ಷಿಣ್ಯ ಮಾತ್ರ ಅಂದುಕೊಳ್ಳಬೇಡಿ. 1985ರಲ್ಲಿ ಕೋಕಾ ಕೋಲಾದವರು ಸುಮಾರು ಎರಡು ಲಕ್ಷ ಜನಕ್ಕೆ ರುಚಿ ತೋರಿಸಿ, ಹೊಸದೇ ಚೆನ್ನ ಅನ್ನಿಸಿಕೊಂಡು, ಏಪ್ರಿಲ್‌ನಲ್ಲಿ ಹಳೆಯದನ್ನು ನಿಲ್ಲಿಸಿ ಹೊಸದನ್ನು ಇಳಿಸಿದರು. ಜನ ಸಿಡಿದೆದ್ದರು. ಎಪ್ಪತ್ತೊಂಬತ್ತು ದಿನಕ್ಕೆ ಹಳೆಯದು ವಾಪಸ್ಸು. ಒಂದು ಗುಟುಕು ಕುಡಿದು ಸಿಹಿ ಅಂದವರನ್ನು, ಮನೆಯ ಹಳೇ ಬಾವಿ ಮುಚ್ಚಿಬಿಡಲೇ ಅಂತ ಸರಿಯಾಗಿ ಕೇಳಿರಲಿಲ್ಲ, ಅಷ್ಟೇ.

ಸರ್ವೇ ಇಲ್ಲದೆ ಗಿರಾಕಿಯನ್ನು ಬಲ್ಲವರನ್ನು ನೋಡಬೇಕಾದರೆ ಗಾಂಧಿ ಬಜಾರಿಗೆ ಬನ್ನಿ. ಅಲ್ಲಿ ನಾನು ಹೂ ಕೊಳ್ಳುವ ಅಜ್ಜಿಯೊಬ್ಬರಿದ್ದಾರೆ. ಅವರ ಮೊಳ ಗಿಡ್ಡ ಅನ್ನುವುದು ನನ್ನ ಹಳೆಯ ಅನುಮಾನ, ಆದರೆ ಅಳೆದ ಮೇಲೆ ನಾಲ್ಕು ಬೆರಳು ಕೊಸರು ಬಿಟ್ಟು ದಾರ ಕತ್ತರಿಸುವಾಗ ಆ ಅನುಮಾನವೆಲ್ಲ ಕರಗುತ್ತದೆ. ಈ ಕೊಸರಿಗೆ ನನ್ನ ಸ್ಲೈಡಿನಲ್ಲಿ ‘ವ್ಯಾಲ್ಯೂ ಅಡಿಷನ್’ ಅನ್ನುವ ಹೆಸರಿದೆ. ಹೋದ ಶ್ರಾವಣದಲ್ಲಿ ಎರಡು ಮೊಳ ಮಲ್ಲಿಗೆ ಕೇಳಿದರೆ ಅಜ್ಜಿ ಕೊಡಲೇ ಇಲ್ಲ. “ಅಮ್ಮೋರಿಗೆ ಮಲ್ಲಿಗೆ ವಾಸ್ನೆ ತಲೆನೋವು ಬರ್ತದೆ. ಕನಕಾಂಬರ ತಗೊಂಡ್ ಹೋಗಪ್ಪ” ಅಂದರು. ಮದುವೆಯಾಗಿ ಹದಿನೆಂಟು ವರ್ಷ. ಗ್ರಾಹಕರ ಇಷ್ಟಾನಿಷ್ಟ ದಾಖಲಿಸುವ ಸಾಫ್ಟ್‌ವೇರನ್ನು ಮೂರು ಕಂಪನಿಗಳಿಗೆ ಹಾಕಿಸಿಕೊಟ್ಟವನು ನಾನು. ಮನೆಗೆ ಹೋಗಿ ಕನಕಾಂಬರ ಕೊಟ್ಟೆ. “ಅಂತೂ ಗೊತ್ತಾಯ್ತಲ್ಲ” ಅಂದಳು. ಯಾರು ಹೇಳಿದ್ದು ಅಂತ ನಾನೇಕೆ ಬಾಯಿ ಬಿಡಲಿ?

ಮುಂದಿನ ವರ್ಷ ಮತ್ತೆ ಬ್ಯಾಡಗಿಗೆ ಹೋದೆ. ಅದೇ ಲಾಡ್ಜು, ಅದೇ ಕನ್ನಡಕ. “ಬರ್ರಿ ಬರ್ರಿ ಮೆಡಿಕಲ್ ಸಾಹೇಬ್ರ” ಅಂತ ಎದ್ದು ನಿಂತರು. ಏಳುವಾಗ ಮೇಜು ಹಿಡಿದುಕೊಂಡದ್ದು ಕಾಣಿಸಿತು. ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ, “ಮೊಣಕಾಲಿಗೆ ಏನರ ಸ್ಯಾಂಪಲ್ ಅದಾವೇನ್ರಿ? ಹೋದ ಸಲನ ಕೇಳಬೇಕಂತ ಮಾಡಿದ್ದೆ” ಅಂದರು.

ಬ್ಯಾಗಿನ ತಳದಲ್ಲಿ, ಬಸ್ಸಿನಲ್ಲಿ ಕೂತು ಕೂತು ಹಿಡಿದುಕೊಳ್ಳುವ ನನ್ನ ಸೊಂಟಕ್ಕೆ ಅಂತ ಇಟ್ಟುಕೊಂಡಿದ್ದ ಮುಲಾಮಿನ ಬಾಟಲಿ ಇತ್ತು, ಅರ್ಧ ಖಾಲಿಯಾದದ್ದು. ಕೊಟ್ಟೆ. ಅವರು ಮುಚ್ಚಳ ತೆಗೆದು ಮೂಸಿ ನೋಡಿ, ಡ್ರಾಯರಿನಲ್ಲಿಟ್ಟುಕೊಂಡು, ರಿಜಿಸ್ಟರನ್ನು ನನ್ನ ಕಡೆ ತಿರುಗಿಸಲೇ ಇಲ್ಲ. ಉದ್ಯೋಗದ ಕಾಲಮ್ಮನ್ನು ತಾವೇ ತುಂಬಿದರು. ಒಂದಿಂಚಿನೊಳಗೆ ಸಲೀಸಾಗಿ ಹಿಡಿಸಿತು.